ಬಟಾಣಿ ತೋಟದ ಗುರು ಗ್ರೆಗೋರ್ ಮೆಂಡೆಲ್

ಪುನರುತ್ಥಾನದ ಮುಂಜಾನೆ ಸಮಾಧಿಯ ಬಳಿ ಅಳುತ್ತಾ ನಿಂತಿದ್ದ ಮಗ್ದಲದ ಮರಿಯಳು ಪ್ರಭು ಯೇಸುವನ್ನು ಗುರುತಿಸದೆ, ಆತನು ತೋಟಗಾರನಿರಬೇಕೆಂದು ಭಾವಿಸಿದಳೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ (20:15). ಪಾಸ್ಕ ಹಬ್ಬದ ಪ್ರಬೋಧನೆಗಳಲ್ಲಿ ಈ ತೋಟಗಾರನ ಮಾತು ಬರುವುದು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರನೋ ನಗರದ ಸಂತ ಥಾಮಸರ ಮಠದ ಗುರುಗಳೊಬ್ಬರು ಪಾಸ್ಕದ ಪ್ರಬೋಧನೆಗೆಂದು ಬರೆದುಕೊಂಡ ಟಿಪ್ಪಣಿಯ ಒಂದು ತುಣುಕು ಇಂದಿಗೂ ಉಳಿದಿದೆ. ಅದರಲ್ಲಿ ಅವರು ಈ ತೋಟಗಾರನನ್ನೇ ಹಿಡಿದುಕೊಂಡಿದ್ದಾರೆ. ಹದ ಮಾಡಿದ ಮಣ್ಣಿನಲ್ಲಿ ಬೀಜ ಬಿತ್ತಿದರಷ್ಟೇ ಸಾಲದು, ಬಿಸಿಲೂ ಬೆಳಕೂ ಮಳೆಯೂ ಬೇಕು. ಹಾಗೆಯೇ ಆತ್ಮದಲ್ಲಿ ಬಿತ್ತಿದ ವರಪ್ರಸಾದಕ್ಕೆ ಸತ್ಕಾರ್ಯವೂ ಬೇಕು, ಪರಮಪ್ರಸಾದದ ಪೋಷಣೆಯೂ ಬೇಕು ಎಂಬುದು ಅದರ ಸಾರಾಂಶ. ಮಣ್ಣಿನ ಭೌತಿಕ, ರಾಸಾಯನಿಕ ಪ್ರಭಾವದ ಮಾತೂ ಆ ಟಿಪ್ಪಣಿಯಲ್ಲಿ ಬರುತ್ತದೆ! ಪ್ರಬೋಧನೆಯಲ್ಲಿ ರಸಾಯನಶಾಸ್ತ್ರ ತಂದ ಆ ಗುರುಗಳ ಹೆಸರು ಗ್ರೆಗೋರ್ ಮೆಂಡೆಲ್.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಓದಿದ ಮಕ್ಕಳಿಗೆಲ್ಲ ಈ ಹೆಸರು ಗೊತ್ತು. ತಳಿವಿಜ್ಞಾನದ ಪಿತಾಮಹನೆಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದಿರುತ್ತಾರೆ. ಅವರು ನಮ್ಮ ಧರ್ಮಸಭೆಯ ಗುರುಗಳಾಗಿದ್ದರು, ಸಂತ ಅಗಸ್ಟೀನರ ಸಭೆಯ ಸನ್ಯಾಸಿಯಾಗಿದ್ದರು ಎಂಬುದು ಎಷ್ಟು ಮನೆಗಳಲ್ಲಿ ಗೊತ್ತಿದೆಯೋ ಕಾಣೆ. ಅವರು ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಸತ್ಯವು ನಮ್ಮ ಮನೆಗಳ ತೊಟ್ಟಿಲಿಗೂ ಮದುವೆಯ ಮಾತುಕತೆಗೂ ಸಂಬಂಧಿಸಿದ್ದು ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು.

ಮೆಂಡೆಲ್ ಹುಟ್ಟಿದ್ದು 1822ರ ಜುಲೈ ತಿಂಗಳಲ್ಲಿ, ಹೈನ್ಜೆನ್‌ಡಾರ್ಫ್ ಎಂಬ ಪುಟ್ಟ ಹಳ್ಳಿಯಲ್ಲಿ. ಅಂದು ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಇಂದು ಚೆಕ್ ಗಣರಾಜ್ಯದಲ್ಲಿದೆ. ದೀಕ್ಷಾಸ್ನಾನದ ಹೆಸರು ಯೋಹಾನ್. ತಂದೆ ಆಂಟನ್ ರೈತ. ಸ್ವಂತ ಹೊಲದ ಕೆಲಸದ ಜೊತೆಗೆ ಜಮೀನ್ದಾರರಿಗೆ ಬಿಟ್ಟಿ ಚಾಕರಿಯನ್ನೂ ಮಾಡಬೇಕಾಗಿತ್ತು. ಊರಿನ ಧರ್ಮಕೇಂದ್ರದ ಗುರು ಯೋಹಾನ್ ಷ್ರೈಬರ್ ಅವರಿಗೆ ಹಣ್ಣಿನ ಗಿಡಗಳ ಕಸಿಯಲ್ಲಿ ಬಲು ಆಸಕ್ತಿ. ಹಳ್ಳಿಯ ಮಕ್ಕಳಿಗೂ ಅದನ್ನು ಹೇಳಿಕೊಟ್ಟರು. ಜಾಣ ಹುಡುಗನೆಂದು ಯೋಹಾನನನ್ನು ದೂರದ ಶಾಲೆಗೆ ಕಳುಹಿಸಿದರು. ಆದರೆ 1838ರಲ್ಲಿ ಬಿಟ್ಟಿ ಚಾಕರಿ ಮಾಡುತ್ತಿದ್ದಾಗ ಮರದ ದಿಮ್ಮಿ ಉರುಳಿ ತಂದೆಯ ಎದೆಗೆ ಬಲವಾದ ಪೆಟ್ಟಾಯಿತು. ಅಲ್ಲಿಂದ ಮನೆಯ ದುಡಿಮೆ ಕುಸಿಯಿತು. ಹುಡುಗ ಮನೆಪಾಠ ಹೇಳಿ, ಅರೆಹೊಟ್ಟೆ ಉಂಡು ಓದಿದ, ಕಾಯಿಲೆಯನ್ನೂ ಬಿದ್ದ. ಆಗ ಕಿರಿಯ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಈ ಉಪಕಾರವನ್ನು ಅಣ್ಣ ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ಓದಿಗೆ ಅವರೇ ನೆರವಾದರು, ಅವರಲ್ಲಿ ಇಬ್ಬರು ವೈದ್ಯರಾದರು. ವಿಜ್ಞಾನದ ಚರಿತ್ರೆ ಬರೆಯುವವರು ತೆರೇಸಿಯಾಳ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ಹಣವಿಲ್ಲದಿದ್ದರೆ ಅಣ್ಣನ ಓದು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ.

1843ರಲ್ಲಿ, ತಮ್ಮ ಭೌತಶಾಸ್ತ್ರದ ಅಧ್ಯಾಪಕರ ಶಿಫಾರಸಿನಿಂದ ಅವರು ಬ್ರನೋ ಮಠ ಸೇರಿ ಗ್ರೆಗೋರ್ ಎಂಬ ಹೆಸರು ಪಡೆದರು. ತಾವು ಮಠ ಸೇರಿದ್ದಕ್ಕೆ ಹೊಟ್ಟೆಪಾಡಿನ ಕಷ್ಟವೂ ಕಾರಣವಾಗಿತ್ತೆಂದು ಮುಂದೆ ತಮ್ಮ ಸ್ವವಿವರದಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಭಕ್ತಿಯ ಪುಸ್ತಕಗಳಲ್ಲಿ ಇಂಥ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡುವ ಅಗತ್ಯವಿಲ್ಲ. ದೇವರ ಕರೆ ಬಡತನದ ಬಾಗಿಲಿನಿಂದಲೂ ಬರಬಹುದು. ಬಂದ ಮೇಲೆ ನಲವತ್ತು ವರ್ಷ ಅವರು ಆ ಮಠದಲ್ಲಿಯೇ ಬಾಳಿದರು.

1847ರಲ್ಲಿ ಗುರುದೀಕ್ಷೆಯಾಯಿತು. ಆದರೆ ಧರ್ಮಕೇಂದ್ರದ ಸೇವೆ ಅವರಿಗೆ ಒಗ್ಗಲಿಲ್ಲ. ರೋಗಿಗಳ ಹಾಸಿಗೆಯ ಬಳಿ ನಿಂತು ಅವರ ನರಳಾಟ ನೋಡಿದರೆ ಈ ಯುವ ಗುರುಗಳು ತಾವೇ ಹಾಸಿಗೆ ಹಿಡಿಯುತ್ತಿದ್ದರು. ಮಠಾಧಿಪತಿ ಸಿರಿಲ್ ನಾಪ್ ಇದನ್ನು ಧರ್ಮಾಧ್ಯಕ್ಷರಿಗೆ ಪತ್ರದಲ್ಲಿ ವಿವರಿಸಿ, 1849ರಲ್ಲಿ ಅವರನ್ನು ಶಾಲೆಯ ಅಧ್ಯಾಪಕ ವೃತ್ತಿಗೆ ಕಳುಹಿಸಿದರು. ಅಲ್ಲಿಯೂ ಸೋಲು. 1850ರಲ್ಲಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ನಾಪ್ ಕೈಬಿಡಲಿಲ್ಲ, 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದರು. ಅಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಅವರಲ್ಲಿ ಭೌತಶಾಸ್ತ್ರ, ಫ್ರಾಂಜ್ ಉಂಗರ್ ಅವರಲ್ಲಿ ಸಸ್ಯಶಾಸ್ತ್ರ ಕಲಿತರು. 1856ರಲ್ಲಿ ಮತ್ತೆ ಪರೀಕ್ಷೆಗೆ ಕುಳಿತರು, ಪೂರ್ತಿಗೊಳಿಸದೆ ಹಿಂದಿರುಗಿದರು. ಹೀಗೆ ಪೂರ್ಣ ಅರ್ಹತೆಯ ಪತ್ರವಿಲ್ಲದೆಯೇ ಹದಿನಾಲ್ಕು ವರ್ಷ ಬ್ರನೋದ ಶಾಲೆಯಲ್ಲಿ ಪಾಠ ಹೇಳಿದರು. ಎರಡನೆಯ ಸಲ ಸೋತ ಆ 1856ರಲ್ಲಿಯೇ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗವನ್ನು ಆರಂಭಿಸಿದರು.

ಆ ಕಾಲದ ಜನ ಏನು ನಂಬಿದ್ದರೆಂದು ತಿಳಿದರೆ ಮಾತ್ರ ಈ ಪ್ರಯೋಗದ ಬೆಲೆ ಗೊತ್ತಾಗುತ್ತದೆ. ತಂದೆತಾಯಿಯರ ಗುಣಗಳು ಮಗುವಿನಲ್ಲಿ ಹಾಲಿಗೆ ಡಿಕಾಕ್ಷನ್ ಬೆರೆತಂತೆ ಬೆರೆತುಹೋಗುತ್ತವೆ ಎಂದು ಅನೇಕ ಪಂಡಿತರು ಭಾವಿಸಿದ್ದರು. ಒಮ್ಮೆ ಬೆರೆತ ಕಾಫಿಯಿಂದ ಹಾಲನ್ನು ಮರಳಿ ತೆಗೆಯಲಾಗದು. ಹಾಗಿದ್ದರೆ ಅಜ್ಜಿಯ ಮೂಗು ಮಗಳಲ್ಲಿ ಕಾಣದೆ ಮೊಮ್ಮಗಳಲ್ಲಿ ಕಾಣುವುದು ಹೇಗೆ? ಇದಕ್ಕೆ ಉತ್ತರವಿರಲಿಲ್ಲ. ಇನ್ನೂ ಹಳೆಯ ನಂಬಿಕೆಯೊಂದಿತ್ತು. ಬೀಜ ತಂದೆಯದು, ತಾಯಿ ಬರೀ ಹೊಲ ಎಂಬುದು. ಗ್ರೀಕರ ಅರಿಸ್ಟಾಟಲನೂ ರೂಪ ಕೊಡುವವನು ತಂದೆ, ತಾಯಿ ಕೊಡುವುದು ಕೇವಲ ದ್ರವ್ಯ ಎಂದಿದ್ದ. ನಮ್ಮ ನಾಡಿನಲ್ಲಿಯೂ ಬೀಜ-ಕ್ಷೇತ್ರಗಳ ಮಾತು ಹಳೆಯದೇ. ವಿಚಿತ್ರವೆಂದರೆ, ಬೀಜದ ಹೆಗ್ಗಳಿಕೆ ಗಂಡನಿಗೆ, ಬೆಳೆ ಕೆಟ್ಟರೆ ಬೈಗುಳ ಹೊಲಕ್ಕೆ!

ಮೆಂಡೆಲ್ ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿ ತರಿಸಿ, ಎರಡು ವರ್ಷ ಬೆಳೆದು ನೋಡಿ, ತಳಿ ಶುದ್ಧವಾಗಿದ್ದ 22 ಬಗೆಗಳನ್ನು ಉಳಿಸಿಕೊಂಡರು. ಮಠದ ತೋಟದಲ್ಲಿ ಅವರಿಗಿದ್ದ ಜಾಗ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ಬಟಾಣಿ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದ್ದರಿಂದ ಅವರು ಮೊಗ್ಗು ಬಲಿಯುವ ಮೊದಲೇ ಅದನ್ನು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗವನ್ನು ಹಚ್ಚಬೇಕಾಗಿತ್ತು. ಎಂಟು ವರ್ಷಗಳಲ್ಲಿ ಹೀಗೆ ಸುಮಾರು 28,000 ಗಿಡಗಳು ಅವರ ಪರೀಕ್ಷೆಗೆ ಒಳಪಟ್ಟವು. ಬೀಜದ ಆಕಾರ, ಬೀಜದ ಬಣ್ಣ, ಹೂವಿನ ಬಣ್ಣ, ಗಿಡದ ಎತ್ತರ ಮುಂತಾಗಿ ಏಳು ಗುಣಗಳನ್ನು ಮಾತ್ರ ಆರಿಸಿಕೊಂಡು, ಪ್ರತಿ ತಲೆಮಾರಿನಲ್ಲಿಯೂ ಎಣಿಸಿದರು. ಈ ಎಣಿಕೆಯೇ ಅವರ ಹೊಸತನ. ಅವರಿಗಿಂತ ಮುಂಚೆ ಗಿಡಗಳನ್ನು ಬೆರಕೆ ಮಾಡಿದವರು ಬಹಳ ಮಂದಿ, ಇಷ್ಟು ಕಟ್ಟುನಿಟ್ಟಾಗಿ ಎಣಿಸಿ ಲೆಕ್ಕವಿಟ್ಟವರಿಲ್ಲ.

ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಹುಟ್ಟಿದ ಬೀಜಗಳೆಲ್ಲ ದುಂಡಗಿದ್ದವು. ಅರ್ಧ ಸುಕ್ಕಾದದ್ದು ಒಂದೂ ಇರಲಿಲ್ಲ. ಸುಕ್ಕು ಎಲ್ಲಿ ಹೋಯಿತು? ಆ ಬೀಜಗಳನ್ನು ಬಿತ್ತಿ, ಗಿಡಗಳು ತಾವೇ ಕಾಯಿ ಕಟ್ಟಲು ಬಿಟ್ಟರು. 253 ಗಿಡಗಳಿಂದ 7,324 ಬೀಜಗಳು ಬಂದವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಕಳೆದುಹೋಯಿತೆಂದುಕೊಂಡದ್ದು ಒಂದು ತಲೆಮಾರು ದಾಟಿ, ಸ್ವಲ್ಪವೂ ಮಾಸದೆ ಮರಳಿ ಬಂದಿತ್ತು. ಹಳದಿ-ಹಸಿರು ಬಣ್ಣದಲ್ಲಿಯೂ ಹಾಗೆಯೇ ಆಯಿತು, 6,022 ಹಳದಿ, 2,001 ಹಸಿರು. ಎಲ್ಲ ಕಡೆಯೂ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಮೆಂಡೆಲ್ ಇದಕ್ಕೆ ಕೊಟ್ಟ ವಿವರಣೆ ಹಳ್ಳಿಯ ಅಜ್ಜಿಗೂ ಅರ್ಥವಾಗುವಷ್ಟು ಸರಳ. ಪ್ರತಿ ಗುಣಕ್ಕೂ ಪ್ರತಿ ಜೀವಿಯಲ್ಲಿ ಎರಡು ಚೀಟಿಗಳಿವೆ ಎಂದುಕೊಳ್ಳಿ, ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಆ ಜೀವಿಯು ಮುಂದೆ ತನ್ನ ಮಗುವಿಗೆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತದೆ, ಯಾವುದೆಂಬುದು ಚೀಟಿ ಎತ್ತಿದಂತೆ. ದುಂಡು ಎಂಬ ಚೀಟಿ ಒಂದಿದ್ದರೂ ಸಾಕು, ಬೀಜ ದುಂಡಾಗುತ್ತದೆ. ಎರಡೂ ಸುಕ್ಕಿನ ಚೀಟಿಯಾದರೆ ಮಾತ್ರ ಸುಕ್ಕು. ಒಂದೊಂದು ಬಗೆಯ ಚೀಟಿಯಿರುವ ಇಬ್ಬರು ಕೂಡಿದಾಗ ನಾಲ್ಕು ಸಾಧ್ಯತೆಗಳಿವೆ, ಅವುಗಳಲ್ಲಿ ಒಂದು ಸುಕ್ಕು. ಈ ಚೀಟಿಯನ್ನೇ ನಾವು ಇಂದು ವಂಶವಾಹಿ ಎನ್ನುತ್ತೇವೆ. ಮೇಲೆ ಕಾಣುವ ಗುಣವನ್ನು ಪ್ರಬಲ ಎಂದೂ, ಮರೆಯಲ್ಲಿರುವುದನ್ನು ದುರ್ಬಲ ಎಂದೂ ಶಾಲಾ ಪುಸ್ತಕಗಳು ಕರೆಯುತ್ತವೆ. ಈ ಎರಡನೆಯ ಹೆಸರು ನನಗೆ ಸರಿಕಾಣುವುದಿಲ್ಲ. ಮೆಂಡೆಲ್ ಬಳಸಿದ ಪದಕ್ಕೆ ಹಿಂದೆ ಸರಿದು ನಿಂತದ್ದು ಎಂದರ್ಥ. ಹಿಂದೆ ಸರಿದವನು ದುರ್ಬಲನೇ ಆಗಬೇಕಿಲ್ಲ.

ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು, ಅದನ್ನು ಶಾಲೆಗಳಲ್ಲಿ ಒತ್ತಿ ಹೇಳುವುದಿಲ್ಲ. ದುಂಡು ಗಿಡದ ಪರಾಗವನ್ನು ಸುಕ್ಕು ಗಿಡದ ಹೂವಿಗೆ ಹಚ್ಚಿದರು. ಸುಕ್ಕು ಗಿಡದ ಪರಾಗವನ್ನು ದುಂಡು ಗಿಡದ ಹೂವಿಗೂ ಹಚ್ಚಿದರು. ಫಲಿತಾಂಶ ಒಂದೇ! ಗುಣವು ತಂದೆಯ ಕಡೆಯಿಂದ ಬಂದರೂ ತಾಯಿಯ ಕಡೆಯಿಂದ ಬಂದರೂ ವ್ಯತ್ಯಾಸವಿರಲಿಲ್ಲ. ಬೀಜ ಗಂಡಿನದು, ಹೊಲ ಹೆಣ್ಣಿನದು ಎಂಬ ಸಾವಿರಾರು ವರ್ಷಗಳ ನಂಬಿಕೆಗೆ ಈ ಲೆಕ್ಕದಲ್ಲಿ ಜಾಗವೇ ಉಳಿಯಲಿಲ್ಲ.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ನಿಸರ್ಗವಿಜ್ಞಾನ ಸಂಘದಲ್ಲಿ ಮೆಂಡೆಲ್ ಇದೆಲ್ಲವನ್ನೂ ಓದಿದರು. ಮರುವರ್ಷ ಅದು ಅಚ್ಚಾಯಿತು. ತಮ್ಮ ಲೇಖನದ 40 ಪ್ರತಿಗಳನ್ನು ಬೇರೆಯಾಗಿ ತರಿಸಿಕೊಂಡು ವಿದ್ವಾಂಸರಿಗೆ ಕಳುಹಿಸಿದರು. ಮ್ಯೂನಿಕ್‌ನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿ ಉತ್ತರ ಬರೆದರು, ಆದರೆ ಮಹತ್ವವನ್ನು ಗ್ರಹಿಸಲಿಲ್ಲ. ಅವರಿಬ್ಬರ ನಡುವೆ ಓಡಾಡಿದ ಪತ್ರಗಳಲ್ಲಿ ಚರ್ಚೆಯಾದದ್ದು ಹಾಕ್‌ವೀಡ್ ಎಂಬ ಕಾಡುಗಿಡ. ಅದು ಬಹುಮಟ್ಟಿಗೆ ಪರಾಗಸ್ಪರ್ಶವೇ ಇಲ್ಲದೆ ಬೀಜ ಕಟ್ಟುವ ಗಿಡವೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ಮೆಂಡೆಲ್ ವರ್ಷಗಟ್ಟಲೆ ಅದರೊಡನೆ ಹೆಣಗಿದರು, ಕಣ್ಣಿಗೆ ತೊಂದರೆ ಮಾಡಿಕೊಂಡರು, ಬಟಾಣಿಯ ಲೆಕ್ಕ ಅಲ್ಲಿ ಕೂಡಿಬರಲೇ ಇಲ್ಲ.

1868ರಲ್ಲಿ ಅವರೇ ಮಠಾಧಿಪತಿಯಾಗಿ ಆಯ್ಕೆಯಾದರು. ತೋಟಕ್ಕೆ ಸಮಯ ಕಡಿಮೆಯಾಯಿತು. 1874ರಲ್ಲಿ ಸರ್ಕಾರ ಮಠಗಳ ಮೇಲೆ ಹೊಸ ತೆರಿಗೆ ಹಾಕಿದಾಗ, ಅದು ಅನ್ಯಾಯವೆಂದು ಕೊಡಲು ನಿರಾಕರಿಸಿದರು. ಆ ಜಗಳ ಅವರ ಸಾವಿನವರೆಗೂ ಮುಗಿಯಲಿಲ್ಲ. ಜೇನು ಸಾಕಿದರು, ದಿನವೂ ಮಳೆ-ಗಾಳಿಯ ಲೆಕ್ಕ ಬರೆದಿಟ್ಟರು. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಪ್ರಭುವಿನಲ್ಲಿ ನಿದ್ರಿಸಿದರು. ಅಂತಿಮ ಪೂಜೆಯ ಸಂಗೀತದ ಹೊಣೆ ಹೊತ್ತವರು ಅದೇ ಮಠದಲ್ಲಿ ಬಾಲಗಾಯಕನಾಗಿ ಬೆಳೆದಿದ್ದ ಸಂಗೀತಗಾರ ಯಾನಾಚೆಕ್. ಬಡವರ ಬಂಧು, ಒಳ್ಳೆಯ ಮಠಾಧಿಪತಿ ಎಂದು ಊರು ಕಂಬನಿ ಮಿಡಿಯಿತು. ದೊಡ್ಡ ವಿಜ್ಞಾನಿಯೊಬ್ಬರು ಹೋದರೆಂದು ಊರಿಗೆ ಗೊತ್ತಿರಲಿಲ್ಲ. ಅವರ ಕಾಗದಪತ್ರಗಳಲ್ಲಿ ಬಹಳಷ್ಟನ್ನು ಸುಟ್ಟುಹಾಕಿದರು.

1900ರಲ್ಲಿ ಹಾಲೆಂಡಿನ ದ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು ಬೇರೆ ಬೇರೆಯಾಗಿ ಅದೇ ಹಾದಿಯಲ್ಲಿ ಬಂದು, ಮೂವತ್ತನಾಲ್ಕು ವರ್ಷ ಹಿಂದಿನ ಆ ಲೇಖನವನ್ನು ಬೆಳಕಿಗೆ ತಂದರು. 1910ರಲ್ಲಿ ಬ್ರನೋದಲ್ಲಿ ಪ್ರತಿಮೆ ಎದ್ದಿತು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಸೋವಿಯತ್ ದೇಶದ ಲೈಸೆಂಕೋ ಹೇಳಿದ್ದೇ ವಿಜ್ಞಾನವಾಯಿತು, ವಂಶವಾಹಿಯ ಮಾತೇ ಅಪರಾಧವಾಯಿತು. 1950ರಲ್ಲಿ ಮಠವನ್ನು ಮುಚ್ಚಿಸಿದರು, ಪ್ರತಿಮೆಯನ್ನು ಚೌಕದಿಂದ ಕಿತ್ತು ಮಠದ ಅಂಗಳಕ್ಕೆ ಸರಿಸಿದರು. ಧರ್ಮಸಭೆ ವಿಜ್ಞಾನದ ವೈರಿ ಎಂದು ಗೆಲಿಲಿಯೋನ ಹೆಸರೆತ್ತಿ ಕೇಳುವವರಿಗೆ ಈ ಪ್ರತಿಮೆಯ ಕಥೆಯನ್ನೂ ಹೇಳಬೇಕು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಅದು ಇದ್ದವರ ಮೂತ್ರ ಗಾಳಿಗೆ ಕಪ್ಪಾಗುತ್ತದೆ, ಮಗುವಿನ ಬಟ್ಟೆಯಲ್ಲಿ ಕಪ್ಪು ಕಲೆ ಕಾಣುತ್ತದೆ. ಇಂಥ ಮಕ್ಕಳ ತಂದೆತಾಯಿಯರಲ್ಲಿ ಹಲವರು ಆರೋಗ್ಯವಂತರೇ, ಆದರೆ ಪರಸ್ಪರ ಹತ್ತಿರದ ಬಂಧುಗಳು, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳು ಎಂಬುದನ್ನು ಅವರು ಗಮನಿಸಿದರು. ಕೇಂಬ್ರಿಡ್ಜ್‌ನ ಬೇಟ್ಸನ್ ಇದರ ಅರ್ಥ ಬಿಡಿಸಿದರು. ಇದು ಮೆಂಡೆಲರ ಸುಕ್ಕು ಬಟಾಣಿ. ಒಂದೇ ಅಜ್ಜಿಯ ಮರೆಯಾದ ಚೀಟಿ ಎರಡು ಕವಲಿನಲ್ಲಿ ಹರಿದು ಬಂದು, ಮದುವೆಯಲ್ಲಿ ಮತ್ತೆ ಕೂಡಿಕೊಂಡಿದೆ. ಮನುಷ್ಯರ ಕಾಯಿಲೆಯೊಂದಕ್ಕೆ ಮೆಂಡೆಲರ ನಿಯಮ ಅನ್ವಯಿಸಿದ್ದು ಅದೇ ಮೊದಲು.

ನಮ್ಮ ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಅತ್ತೆಯ ಅಥವಾ ಸೋದರಮಾವನ ಮಗಳನ್ನು ತರುವುದು ಹಳೆಯ ವಾಡಿಕೆ. ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಇದು ಇಲ್ಲದಿಲ್ಲ. ಆಸ್ತಿ ಹೊರಗೆ ಹೋಗುವುದಿಲ್ಲ, ಹುಡುಗಿ ಗೊತ್ತಿರುವವಳು ಎಂಬುದು ಹಿರಿಯರ ವಾದ. ಅತ್ತೆ-ಮಾವಂದಿರ ಮಕ್ಕಳ ವಂಶವಾಹಿಗಳಲ್ಲಿ ಸರಾಸರಿ ಎಂಟರಲ್ಲಿ ಒಂದು ಭಾಗ, ಸೋದರಮಾವ-ಸೊಸೆಯಲ್ಲಿ ನಾಲ್ಕರಲ್ಲಿ ಒಂದು ಭಾಗ ಒಂದೇ ಮೂಲದ್ದಾಗಿರುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1091ನೆಯ ನಿಯಮ ಇವೆರಡನ್ನೂ ವಿವಾಹಕ್ಕೆ ಅಡ್ಡಿಯೆಂದು ಹೇಳುತ್ತದೆ, ವಿನಾಯಿತಿಯಿಲ್ಲದೆ ಅಂಥ ಮದುವೆ ಊರ್ಜಿತವಲ್ಲ. ಇದು ವಿಜ್ಞಾನದಿಂದ ಬಂದ ನಿಯಮವೆಂದು ಹೇಳಿದರೆ ತಪ್ಪಾದೀತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ಇಂಥ ನಿಯಮವನ್ನು ತಿದ್ದಿತ್ತು, ಅದಕ್ಕೂ ಹಳೆಯದು ಅದರ ಬೇರು. ಹೊರಗಿನ ಕುಟುಂಬದೊಡನೆ ಬೀಗತನ ಬೆಳೆಸಿದರೆ ಪ್ರೀತಿಯ ವೃತ್ತ ಹಿಗ್ಗುತ್ತದೆ ಎಂಬುದು ಮೆಂಡೆಲರ ಸಭೆಗೆ ಹೆಸರು ಕೊಟ್ಟ ಸಂತ ಅಗಸ್ಟೀನರ ವಾದವಾಗಿತ್ತು. ಧರ್ಮಾಧ್ಯಕ್ಷರಿಂದ ವಿನಾಯಿತಿ ಕೇಳುವ ಕುಟುಂಬಗಳು ಅದನ್ನು ಬರೀ ಒಂದು ಅರ್ಜಿ ಎಂದುಕೊಳ್ಳದೆ, ಒಮ್ಮೆ ವೈದ್ಯರೊಡನೆಯೂ ಮಾತನಾಡಿದರೆ ಒಳ್ಳೆಯದು. ಹತ್ತಿರದ ಸಂಬಂಧದ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ, ಯಾರೂ ಹೆದರಬೇಕಾಗಿಲ್ಲ. ಅಪಾಯ ಹೆಚ್ಚು ಎಂಬುದು ಮಾತ್ರ ನಿಜ.

ಇಬ್ಬರೂ ಒಂದೊಂದು ಮರೆಯಾದ ಚೀಟಿ ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಒಂದು ಮಗುವಿಗೆ ಬಂದಾಗಿದೆ, ಇನ್ನು ಮೂರಕ್ಕೆ ಭಯವಿಲ್ಲ ಎಂದು ಎಣಿಸುವವರಿದ್ದಾರೆ. ಹಾಗಲ್ಲ. ಪ್ರತಿ ಬಸಿರಿನಲ್ಲಿಯೂ ಚೀಟಿಯನ್ನು ಹೊಸದಾಗಿಯೇ ಎತ್ತಲಾಗುತ್ತದೆ. ಮೆಂಡೆಲ್ ತಮ್ಮ ಲೇಖನದಲ್ಲಿಯೇ ಇದಕ್ಕೆ ಸಾಕ್ಷಿ ಕೊಟ್ಟಿದ್ದಾರೆ. ಒಂದು ಗಿಡದಲ್ಲಿ 43 ದುಂಡಿಗೆ ಕೇವಲ 2 ಸುಕ್ಕು ಬೀಜಗಳಿದ್ದವು, ಇನ್ನೊಂದರಲ್ಲಿ 14 ದುಂಡಿಗೆ 15 ಸುಕ್ಕು. ಮೂರಕ್ಕೆ ಒಂದು ಎಂಬುದು ಸಾವಿರಗಳ ಲೆಕ್ಕ. ಎರಡು ಮಕ್ಕಳ ಮನೆಯಲ್ಲಿ ಇಬ್ಬರಿಗೂ ಬರಬಹುದು, ಯಾರಿಗೂ ಬಾರದಿರಬಹುದು. ಅದು ತಾಯಿ ಗ್ರಹಣ ನೋಡಿದ್ದರಿಂದಲ್ಲ, ಹಿರಿಯರ ಶಾಪದಿಂದಲೂ ಅಲ್ಲ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯರೋ ಎಂದು ಶಿಷ್ಯರು ಕೇಳಿದಾಗ ಪ್ರಭು ಇಬ್ಬರನ್ನೂ ಬಿಡುಗಡೆ ಮಾಡಿದರು (ಯೊವಾನ್ನ 9:3).

ರಕ್ತದ ಗುಂಪಿನ ವಿಷಯವೂ ಹೀಗೆಯೇ. ತಂದೆಯದು ಎ, ತಾಯಿಯದು ಬಿ, ಮಗುವಿನದು ಓ ಎಂದು ಪ್ರಯೋಗಾಲಯದ ಚೀಟಿ ಬಂದೊಡನೆ ಸೊಸೆಯ ಶೀಲದ ಮೇಲೆ ಕಣ್ಣು ಹಾಯಿಸುವ ಮನೆಗಳುಂಟು. ಎ ಗುಂಪಿನ ತಂದೆಯಲ್ಲಿಯೂ ಬಿ ಗುಂಪಿನ ತಾಯಿಯಲ್ಲಿಯೂ ಓ ಮರೆಯಲ್ಲಿರಬಹುದು, ಎರಡು ಓ ಕೂಡಿದರೆ ಮಗು ಓ. ಮೈಬಣ್ಣ, ಎತ್ತರಗಳಾದರೋ ಹತ್ತಾರು, ನೂರಾರು ಚೀಟಿಗಳ ಆಟ. ಅವಕ್ಕೆ ಬಟಾಣಿಯಷ್ಟು ಸುಲಭದ ಲೆಕ್ಕವಿಲ್ಲ. ಬೆಳ್ಳಗಿನ ತಂದೆತಾಯಿಗೆ ಕಪ್ಪು ಮಗು ಹುಟ್ಟಿದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಇನ್ನು ಹೆಣ್ಣುಮಗು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯಂದಿರಿಗೆ 1905ರ ಒಂದು ಸಂಗತಿ. ಆ ವರ್ಷ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಹಿಟ್ಟಿನ ಹುಳುವೊಂದರ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವ ವರ್ಣತಂತು ಗಂಡಿನ ಬೀಜದಿಂದ ಬರುತ್ತದೆಂದು ತೋರಿಸಿದರು. ಮನುಷ್ಯರಲ್ಲಿಯೂ ಅದೇ ಕ್ರಮ. ತಾಯಿಯ ಬಳಿ ಇರುವ ಎರಡೂ ಎಕ್ಸ್, ಅವಳು ಕೊಡುವುದು ಅದನ್ನೇ. ತಂದೆಯ ಬಳಿ ಒಂದು ಎಕ್ಸ್, ಒಂದು ವೈ. ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಆ ಚೀಟಿಯನ್ನು ಅವನೂ ಬೇಕೆಂದು ಆರಿಸಿ ಕೊಡುವುದಿಲ್ಲ.